ಕೊನೆಯ ಕೊಳದ ತಿಳಿನೀರು

ಸೋಮವಾರ, ಸಂಜೆ

ಕೊಳದ ಸಾಹೇಬರಿಗೆ,

'ರೀ' ಎಂದು ಶುರುಮಾಡಲು ಹೋದೆ, ಪೆನ್ನು ಏಳಲಿಲ್ಲ. ಗಣಿಯ ಬೇಲಿಯ ಹತ್ತಿರ ನೀವು ನನ್ನನ್ನು ಮೇಡಂ ಎನ್ನುತ್ತೀರಿ, ನಾನು ಸಾರ್ ಎನ್ನುತ್ತೇನೆ. ವಾಚ್‌ಮನ್ ಮುಖ ತಿರುಗಿಸಿಕೊಂಡು ನಗುತ್ತಾನೆ. ನಾನು ನೀರು ಪರೀಕ್ಷೆಯ ಕೆಲಸಕ್ಕೆ ಸೇರಿದಾಗ, ಹೆಂಡತಿ ಬಂದು ನನ್ನ ಕೆಲಸಕ್ಕೆ ಮಾರ್ಕು ಹಾಕೋದಾ ಎಂದು ಮುನಿಸಿಕೊಂಡು ಕ್ವಾರ್ಟರ್ಸಿಗೆ ಹಾಸಿಗೆ ಸಾಗಿಸಿದಿರಿ. ಅವತ್ತಿನಿಂದ ನಮ್ಮ ಸಂಸಾರ ಇಷ್ಟೇ. ಗಣಿಯ ಕೊಳೆನೀರು ತಿಳಿಯಾಗಲೆಂದು ನೀವು ಕಾಯುವ ಕೊಳಗಳಲ್ಲಿ ನಾನು ಪರೀಕ್ಷೆಗೆ ಬಾಟಲಿ ತುಂಬುವುದು, ನೀವು ದೂರದಲ್ಲಿ ಕೈಕಟ್ಟಿ ನಿಲ್ಲುವುದು.

ಅದಕ್ಕೇ ಇವತ್ತು ಬೆಳಿಗ್ಗೆ ನೀವಾಗಿಯೇ ಹತ್ತಿರ ಬಂದು, ಮೇಡಂ ಬಿಟ್ಟು, ಹಳೆಯ ಥರ 'ಲೇ' ಎಂದಾಗ ನನ್ನ ಎದೆ ಹೊಡೆದುಕೊಂಡದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮನೆಗೆ ಬರ್ತೀನಿ ಅಂತೀರೇನೋ ಅಂದುಕೊಂಡೆ. ನೀವು ಅಂದದ್ದು ಬೇರೆ. ಈ ಸಲ ತೂಬಿನ ಹತ್ತಿರ ತುಂಬಬೇಡ, ಮೇಲೆ ಗಣಿಗಿಂತ ಮುಂಚೆ ಹರಿಯೋ ಹಳ್ಳದಲ್ಲೇ ತುಂಬಿಕೋ, ನೀರು ನೀರೇ ಅಲ್ವಾ, ಯಾರಿಗೆ ಗೊತ್ತಾಗತ್ತೆ ಅಂದಿರಿ. ಕೊಳಕ್ಕೆ ಸುಣ್ಣ ಹಾಕೋ ಯಂತ್ರ ಕೆಟ್ಟು ಕೂತಿದೆ, ಬಾಯಿ ಮುಚ್ಕೊಂಡಿರು ಅಂತ ಮ್ಯಾನೇಜರ್ ಹೇಳಿದ್ದಾರೆ, ವರದಿ ಕೆಟ್ಟರೆ ತಲೆ ಹೋಗೋದು ನಂದೇ ಅಂದಿರಿ.

ನಿಮ್ಮ ಕಣ್ಣಲ್ಲಿ ಹೆದರಿಕೆ ಇತ್ತು. ನನಗೆ ಕೋಪ ಬರಲಿಲ್ಲ, ಅಯ್ಯೋ ಅನ್ನಿಸಿತು. ಮೇಲಿನ ಹಳ್ಳಕ್ಕೆ ಹೋಗಿ ತುಂಬಿದ್ದೂ ನಿಜ. ನೀವು ನೋಡಿ, ಸಮಾಧಾನವಾಗಿ ಶೆಡ್ಡಿನೊಳಗೆ ಹೋದಿರಿ. ಆಮೇಲೆ ಅದನ್ನು ಅಲ್ಲೇ ಚೆಲ್ಲಿ, ಕೆಳಗಿಳಿದು, ತೂಬಿನ ಬಾಯಲ್ಲೇ ತುಂಬಿಕೊಂಡು ಬಂದೆ.

ಬಂದವರಿಗೆಲ್ಲ, ನೀರು ಹಳ್ಳಕ್ಕೆ ಬಿಡುವ ಮುಂಚಿನ ನಿಮ್ಮ ಕೊನೆಯ ಕೊಳ ತೋರಿಸುತ್ತೀರಿ. ಹೂಳೆಲ್ಲ ಕೂತು ಎಷ್ಟು ತಿಳಿಯಾಗಿದೆ ನೋಡಿ, ತಳದ ಕಲ್ಲು ಎಣಿಸಬಹುದು ಎನ್ನುತ್ತೀರಿ. ಆ ತಿಳಿ ಕಂಡೇ ನನಗೆ ಭಯ. ಕೆಸರುನೀರಾದರೆ ಬಣ್ಣ ನೋಡಿಯೇ ಜನ ದೂರ ಸರಿಯುತ್ತಾರೆ. ಇದು ಗಣಿಯ ಕಲ್ಲಿನ ಆಮ್ಲ ಸೇರಿದ ಹುಳಿನೀರು, ಸುಣ್ಣ ಬೀಳದೆ ಹುಳಿ ಏರಿದಾಗಲೂ ಕೆಸರು ತಳ ಸೇರಿ ಮೇಲೆ ಕನ್ನಡಿಯಂತಾಗುತ್ತದೆ. ತೂಬಿನ ಕೆಳಗಿನ ಕಲ್ಲುಗಳು ತುಕ್ಕಿನ ಬಣ್ಣಕ್ಕೆ ತಿರುಗಿವೆ, ಒಂದು ಕಪ್ಪೆಯೂ ವಟಗುಟ್ಟುವುದಿಲ್ಲ. ನೀರು ತಿಳಿಯಾಗಿದೆ ಸರಿ, ನಿಮಗೆ ತಿಳಿಯದೇ ಇದೆ ಎಂದು ಮಾತ್ರ ನಾನು ನಂಬುವುದಿಲ್ಲ.

ವರದಿ ನಾಳೆ ಮಧ್ಯಾಹ್ನ ಹೋಗುತ್ತದೆ. ಅಷ್ಟರೊಳಗೆ ಯಂತ್ರ ಕೆಟ್ಟ ವಿಷಯ ನೀವೇ ಮ್ಯಾನೇಜರಿಗಿಂತ ಮೇಲಿನವರಿಗೆ ಬರೆದುಕೊಡಿ. ಕೆಲಸ ಹೋದರೆ ಹೋಗಲಿ, ಹಸಿದು ಸಾಯುವುದಿಲ್ಲ. ಮುನಿಸು ಬಿಡಲಾಗದಿದ್ದರೆ ಮನೆಯಲ್ಲೇ ಮುಂದುವರಿಸಿ, ಕಿಟಕಿ ಪಕ್ಕದ ನಿಮ್ಮ ಜಾಗದಲ್ಲಿ ನಾನು ಇನ್ನೂ ಏನೂ ಇಟ್ಟಿಲ್ಲ. ಅತ್ತೆ ಆರಾಮಾಗಿದ್ದಾರೆ. ಮಗ ಸೊರಗಿದ್ದಾನಾ ಎಂದು ಕೇಳುತ್ತಿರುತ್ತಾರೆ. ಹೊಟ್ಟೆ ಬಂದಿದೆ ಎಂದು ಹೇಳಿದ್ದೇನೆ.

ಇಂತಿ,
ನಿಮ್ಮ ಮೇಡಂ

ತಾ.ಕ.: ಅತ್ತೆ ಆರಾಮಾಗಿದ್ದಾರೆ ಎಂದದ್ದು ಪೂರ್ತಿ ನಿಜವಲ್ಲ, ಹೊಟ್ಟೆನೋವು ಎನ್ನುತ್ತಿದ್ದರು. ನಿಮ್ಮ ತೂಬಿನ ನೀರು ಸೇರಿದ ಮೇಲೆ ಆ ಹಳ್ಳ ನಮ್ಮ ಹಿತ್ತಿಲ ಪಕ್ಕದಲ್ಲೇ ಹರಿಯುವುದಲ್ಲವೇ, ಅನುಮಾನ ಬಂದು ನಮ್ಮ ಬಾವಿಯ ನೀರಿಗೂ ಹುಳಿ ಅಳೆಯುವ ಮೀಟರ್ ಅದ್ದಿ ನೋಡಿದೆ. ಅದೇ ಹುಳಿ. ಕುಡಿಯಬೇಡಿ ಅಂದರೆ, ನನ್ನ ಮಗ ಕಾಯೋ ನೀರು ಕಣೇ, ಅದಕ್ಕೇನಾಗತ್ತೆ ಎಂದು ನನ್ನ ಮೇಲೇ ರೇಗಿದರು. ಇದನ್ನು ನೀವೇ ಬಂದು ಹೇಳಬೇಕು. ಅಲ್ಲಿಯವರೆಗೆ ಅವರ ಕಣ್ಣು ತಪ್ಪಿಸಿ ಬಿಂದಿಗೆ ಚೆಲ್ಲಿ, ಪೇಟೆಯ ಕ್ಯಾನ್ ನೀರು ತುಂಬಿಡುತ್ತಿದ್ದೇನೆ. ಅವರು ಲೋಟ ಎತ್ತಿ ಕುಡಿದು, ನೋಡಿದ್ಯಾ, ನನ್ನ ಮಗನ ನೀರು ಎಷ್ಟು ಸಿಹಿ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.