ಬಾಯಿಬಿಟ್ಟರೆ ಹಿಡಿಯದ ಮದ್ದು

ಮಡಿಕೇರಿ, ಹಾಸ್ಟೆಲ್
೧೧ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ನಿದ್ದೆ ಬರುತ್ತಿದೆಯಾ, ಕಾಲಿನ ಊತ ಇಳಿಯಿತಾ? ಪಕ್ಕದ ಬೆಡ್ಡಿನವರು ಮೊಬೈಲ್ ಜೋರಾಗಿ ಹಾಕಿದ್ದಕ್ಕೆ ನೀವು ಬೈದಿರಂತೆ. ಕೇಳಿ ಸಮಾಧಾನವಾಯಿತು, ಬೈಯುವಷ್ಟು ಶಕ್ತಿಯಾದರೂ ಇದೆಯಲ್ಲ ಎಂದು. ನಾನು ಚೆನ್ನಾಗಿದ್ದೇನೆ. ಅನಾಟಮಿ ಟೆಸ್ಟ್ ಪಾಸಾದೆ, ಅಷ್ಟೇ, ಮಾರ್ಕ್ಸ್ ಕೇಳಬೇಡಿ. ಫೋನ್ ಬಿಟ್ಟು ಪತ್ರ ಯಾಕೆ ಎಂದರೆ, ಫೋನ್ ಯಾವಾಗಲೂ ಅಮ್ಮನ ಕೈಯಲ್ಲಿರುತ್ತದೆ, ಸ್ಪೀಕರ್ ಹಾಕದೆ ಅವಳಿಗೆ ಮಾತಾಡಲು ಬರುವುದಿಲ್ಲ, ಇಡೀ ವಾರ್ಡು ಕೇಳಿಸಿಕೊಳ್ಳುತ್ತದೆ. ನಾಳೆ ನಂದೀಶ್ ಚಿಕ್ಕಪ್ಪ ಇಲ್ಲಿಂದ ಮೈಸೂರಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕೊಡುತ್ತೇನೆ. ಕವರ್ ಅಂಟಿಸಿಯೇ ಕೊಡುತ್ತೇನೆ. ಬಿಚ್ಚಿದ ಹಾಗಿದ್ದರೆ ನನಗೆ ತಿಳಿಸಿ.

ಹೋದ ವಾರ ನಿಮಗೆ ಆಪರೇಷನ್ ಆಗುವುದಿಲ್ಲ ಎಂದ ದಿನದಿಂದ ನನಗೆ ಎಲ್ಲರ ಮೇಲೂ ಅನುಮಾನ. ಲಿವರ್‌ನಲ್ಲಿರುವುದು ಒಂದೇ ಗೆಡ್ಡೆ, ಚಿಕ್ಕದು, ಕ್ಯಾನ್ಸರ್ ಆದರೂ ತೆಗೆಯಬಹುದು ಎಂದು ಮೊದಲು ಹೇಳಿದ್ದು ಅಲ್ಲಿಯ ಡಾಕ್ಟರೇ. ಆಮೇಲೆ ಕಾಮಾಲೆ ಏರಿದೆ, ಉಳಿದ ಲಿವರ್ ಆಪರೇಷನ್ ತಡೆಯುವುದಿಲ್ಲ, ಚಿಕಿತ್ಸೆಯ ಗೈಡ್‌ಲೈನ್ ಪುಸ್ತಕ ಒಪ್ಪುವುದಿಲ್ಲ ಎಂದರು. "ಬಿಪಿಎಲ್ ಕಾರ್ಡ್ ತೋರ್ಸಿದೋರ್ಗೆಲ್ಲ ಹಿಂಗೇ ಕಣಮ್ಮಿ, ದುಡ್ಡಿರೋನ್ಗೆ ಯಾವ ಪುಸ್ತಕನೂ ಅಡ್ಡ ಬರಲ್ಲ" ಎಂದರು ಚಿಕ್ಕಪ್ಪ. ನಾನೂ ನಂಬಿದೆ. ಆ ಗೈಡ್‌ಲೈನ್ ಡೌನ್‌ಲೋಡ್ ಮಾಡಿ ಓದಿದೆ. ಅರ್ಧ ಅರ್ಥವಾಗಲಿಲ್ಲ, ಅರ್ಥವಾದ ಅರ್ಧ ಹೊರದೇಶದ ರೋಗಿಗಳದ್ದು. ಅವರಲ್ಲಿ ನಿಮ್ಮ ಹಾಗೆ ಹೆಬ್ಬಾಲೆಯಲ್ಲಿ ಶುಂಠಿ ಬೆಳೆದವರು ಒಬ್ಬರಾದರೂ ಇದ್ದರಾ?

ಇದನ್ನೇ ನಮ್ಮ ಕಾಲೇಜಿನ ತೀರ್ಥಪ್ರಸಾದ್ ಸರ್ ಅವರನ್ನು ಕೇಳಿದೆ. ಆ ಗೈಡ್‌ಲೈನನ್ನು ನಮ್ಮ ಕಡೆಯ ಆಸ್ಪತ್ರೆಗಳಿಗೆ ಹೊಂದಿಸಿದ ಕಮಿಟಿಯಲ್ಲಿ ಅವರೂ ಇದ್ದರು. ಏನನ್ನೋ ಮುಚ್ಚಿಡುತ್ತಾರೆ ಎಂದು ಅವರ ಮುಖವನ್ನೇ ನೋಡುತ್ತಾ ನಿಂತೆ. ಅವರು ಕೂರಿಸಿಕೊಂಡು ವಿವರಿಸಿದರು. ಒಂದೊಂದು ಸಾಲಿಗೂ ಪುರಾವೆ ಏನು, ಎಷ್ಟು ಗಟ್ಟಿ ಎಂದು ತಿಂಗಳುಗಟ್ಟಲೆ ಜಗಳವಾಡಿದ್ದರಂತೆ. ಇಲ್ಲಿಗೆಂದೇ ಒಂದು ಸಾಲು ಸೇರಿಸಿದ್ದಾರೆ. "ನಮ್ಮೋರು ಕಾಮಾಲೆ ಅಂದ್ರೆ ಮೊದ್ಲು ನಾಟಿ ಮದ್ದಿಗೆ ಹೋಗ್ತಾರೆ. ಕೆಲವು ಮದ್ದಿಂದಾನೇ ಕಾಮಾಲೆ ಏರುತ್ತೆ. ಅದನ್ನ ವಿಚಾರಿಸ್ದೆ ಲಿವರ್ ಸೋತಿದೆ ಅಂತ ಬರೆಯೋ ಹಾಗಿಲ್ಲ" ಎಂದರು. ಅಂಥ ಮದ್ದು ಕುಡಿಯುತ್ತಿದ್ದರೆ ನಿಲ್ಲಿಸಿ, ಕೆಲವು ವಾರ ಬಿಟ್ಟು ರಕ್ತ ಮತ್ತೆ ನೋಡಿ, ಆಮೇಲೆ ತೀರ್ಮಾನಿಸಬೇಕಂತೆ.

ಅಪ್ಪಾ, ಆ ಡಾಕ್ಟರು ನಿಮ್ಮನ್ನು ಕೇಳಿದ್ದರು. ನಾನು ಪಕ್ಕದಲ್ಲೇ ಇದ್ದೆ. "ಏನೂ ಇಲ್ಲ ಸಾರ್" ಎಂದಿರಿ. ಅಮ್ಮ ಫ್ಲಾಸ್ಕನ್ನು ಮಂಚದ ಕೆಳಗೆ ತಳ್ಳಿದಳು. ಕಾಫಿ ಇರಬೇಕೆಂದುಕೊಂಡು ತೊಳೆಯಲು ಒಯ್ದರೆ ತಳದಲ್ಲಿ ಹಸಿರು ಗಸಿ, ಮೇಕೆ ಹಾಲಿನ ವಾಸನೆ. ಊರಲ್ಲಿ ಕೆಂಚಜ್ಜ ಕಾಮಾಲೆಗೆ ಕೊಡುವ ಮದ್ದೇ ತಾನೆ ಅದು? ಅಮ್ಮನನ್ನು ಕೇಳಿದೆ. "ಸುಮ್ಕಿರು, ಮದ್ದು ಕುಡಿಯೋದ್ನ ಬಾಯ್ಬಿಟ್ರೆ ಹಿಡಿಯಲ್ಲ" ಎಂದಳು. ಊರಲ್ಲಿ ಎಲ್ಲರೂ ಹಾಗೇ ನಂಬುತ್ತಾರೆ, ನಾನೂ ನಂಬಿ ಬೆಳೆದವಳೇ. ಅದಕ್ಕೇ ನೀವು ಸುಳ್ಳು ಹೇಳಿದಿರಿ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಡಾಕ್ಟರು ಬರೆದುಕೊಂಡದ್ದು ನಿಮ್ಮ "ಇಲ್ಲ"ವನ್ನೇ.

ಕಾಮಾಲೆ ಮದ್ದಿನಿಂದ ಏರಿತೋ, ಲಿವರ್ ನಿಜವಾಗಿಯೂ ಸೋತಿದೆಯೋ, ನನಗೆ ಗೊತ್ತಿಲ್ಲ. ಸರ್‌ಗೂ ಗೊತ್ತಿಲ್ಲವಂತೆ, ನಿಲ್ಲಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಶುಕ್ರವಾರ ಅಲ್ಲಿಯ ಡಾಕ್ಟರುಗಳೆಲ್ಲ ಕೂತು ನಿಮ್ಮ ವಿಷಯ ಕೊನೆಯದಾಗಿ ತೀರ್ಮಾನಿಸುತ್ತಾರೆ. ಅಷ್ಟರೊಳಗೆ ನೀವೇ ಹೇಳಿಬಿಡಿ. ಅಮ್ಮನ ಮೇಲೆ ರೇಗಬೇಡಿ, ಆ ಮದ್ದಿಗಾಗಿ ಅವಳು ಎಷ್ಟು ಓಡಾಡಿದ್ದಾಳೋ. ಇಬ್ಬರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಪಾದಕ್ಕೆ ನಮಸ್ಕರಿಸುತ್ತಾ,
ಧನು

ವಿ.ಸೂ. (೧೨ರ ಬೆಳಿಗ್ಗೆ): ಚಿಕ್ಕಪ್ಪ ಗೇಟಿನಲ್ಲಿ ಹಾರ್ನ್ ಮಾಡುತ್ತಿದ್ದಾರೆ. ನೀವು ಹೇಳುವುದಿಲ್ಲ ಎಂದು ನನಗೆ ಅನುಮಾನ. ಅದಕ್ಕೇ ಈಗ ತಾನೇ ಅಲ್ಲಿಯ ಡಾಕ್ಟರಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಬಾಯಿಬಿಟ್ಟಾಯಿತು ಅಪ್ಪಾ, ನಿಮ್ಮ ಮಗಳೇ ಬಿಟ್ಟಳು. ಇನ್ನು ಆ ಮದ್ದು ಹಿಡಿಯುವುದಿಲ್ಲ. ಅಮ್ಮನಿಗೂ ಹಾಗೇ ಹೇಳಿ, ಫ್ಲಾಸ್ಕಿನಲ್ಲಿರುವುದನ್ನು ಚೆಲ್ಲಲಿ.