ಹಸಿಕಸದ ಬಕೀಟು ತುಂಬಾಕತ್ತೈತಿ

ಸವಣೂರ
ತಾ. ೧೧-೧೧-೨೦೨೪, ಸೋಮವಾರ

ಜನ್ನತಬಿಗೆ ಸಲಾಮ.

ಹೊಟ್ಟಿ ಉರಿ ಕಡಿಮಿ ಆತೇನು? ಹೊತ್ತಿಗೆ ಸರಿಯಾಗಿ ಗುಳಿಗಿ ತಗೋತಿಯೋ, ಇಲ್ಲಾ ತಡಸದಾಗೂ ಮಗಳ ಮನಿ ಕಸಬರಿಗಿ ಹಿಡಕೊಂಡು ಕುಂತೀಯೋ? ನಿನಗ ಮೆತ್ತನ್ನ ಅನ್ನ, ಮಜ್ಜಿಗಿ ಬಿಟ್ಟು ಏನೂ ಕೊಡಬ್ಯಾಡ ಅಂತ ಗುಲ್ನಾಜಗ ಹೇಳು. ಫೋನಿನ್ಯಾಗ ನಾ ಬಾಯಿ ತಗದ್ರ ನೀ ಕಟ್ ಮಾಡ್ತಿ, ಅದಕ್ಕ ಬರಿಯಾಕತ್ತೇನಿ. ನಾಕನೇ ಇಯತ್ತೆ ತನಕಾ ಸಾಲಿ ಕಲತಾವನ ಅಕ್ಷರ, ಸಾವಕಾಶ ಓದು.

ಇಲ್ಲೆ ನನ್ನ ತೆಲಿ ಕೆಟ್ಟೈತಿ. ಕಸದ ಗಾಡಿ ಹೊನ್ನವ್ವ ಮೊನ್ನೆ ಬುಧವಾರ ಓಣಿ ಮಂದಿ ಎಲ್ಲಾ ಕೇಳೂಹಂಗ ಅಂದ್ಲು: "ಏನ್ರಿ ಸಾಬ್ರ, ನಿಮ್ಮನ್ಯಾಗ ಹಸಿಕಸಾನ ಇರತಿದ್ದಿಲ್ಲ, ಈಗ ದಿನಾ ಬಕೀಟು ತುಂಬೇ ಬರತೈತಲ್ರಿ, ಬೀಗರು ಬಂದು ಕುಂತಾರೇನು?" ಮುಚ್ಚಳಾ ತಗದು ನೋಡಿದ್ರ ರೊಟ್ಟಿ, ಬ್ಯಾಳಿ, ಹಳಸಿದ ಬದನಿಕಾಯಿ ಪಲ್ಯ. ವೀಳ್ಯದೆಲಿ ಪೆಂಡಿಯಾಗ ಒಂದು ಎಲಿ ಅಂಚು ಕೊಳತ್ರ ಅಷ್ಟ ಕತ್ತರಿಸಿ ಉಳದದ್ದು ಮಾರಾಂವ ನಾನು. ನನ್ನ ಮನ್ಯಾಗ ತುತ್ತು ಅನ್ನ ಚೆಲ್ಲಂಗಿಲ್ಲ ಅಂತ ಸಂತಿ ತುಂಬ ಹೇಳಕೋತ ತಿರಗೇನಿ. ಮಾರಿ ಎಲ್ಲಿ ಇಡಲಿ?

ಸೊಸಿಗೆ ಬೈದೆ. ಅಳತಿ ಗೊತ್ತಿಲ್ಲ, ತವರಮನ್ಯಾಗ ಏನೂ ಕಲಿಸಿಲ್ಲ ಅಂದೆ. ನುಜಹತ ಅಳಲಿಲ್ಲ. ಹಿಟ್ಟಿನ ಪಡಿ ತಂದು ನನ್ನ ಮುಂದ ಕುಕ್ಕಿದ್ಲು. "ಅಬ್ಬಾ, ಅಮ್ಮಿ ನಾದೂ ಅಷ್ಟ ಹಿಟ್ಟು ನಾನೂ ನಾದತೇನ್ರಿ. ಬಿಸಿ ರೊಟ್ಟಿ ಇಲ್ಲಂದ್ರ ನೀವೂ, ಇವರೂ ತಾಟು ಸರಸ್ತೀರಿ. ಸಂಜಿಕ ಮನ್ಯಾಗ ಉಣತೀರೋ ಇಲ್ಲೋ, ಒಂದಿನಾ ಹೇಳಿ ಹೋಗಂಗಿಲ್ಲ. ಉಳದದ್ದೆಲ್ಲಾ ಅಮ್ಮಿ ಮರುದಿನ ತಾ ಒಬ್ಬಾಕೀನ ತಿಂತಿದ್ರು. ನನಗ 'ನೀ ಕೂಸಿಗೆ ಹಾಲು ಕುಡಸಾಕಿ, ಮುಟ್ಟಬ್ಯಾಡ' ಅಂತಿದ್ರು. ನಾ ತಿನ್ನೂದಿಲ್ರಿ."

ನಿನ್ನ ಮ್ಯಾಲ ಅಂಥಾ ಸಿಟ್ಟು ಬಂತು. ಮೂವತ್ತೆಂಟು ವರ್ಷ ನಾ ಮಂದಿ ಮುಂದ ಎದಿ ಉಬ್ಬಿಸೂದು, ನೀ ಒಳಗ ಕುಂತು ಹಳಸಿದ್ದು ನುಂಗೂದು! ಬಾಯಿ ಇದ್ದಿದ್ದಿಲ್ಲೇನು ನಿನಗ? ನಾನೂ ಕೇಳಲಿಲ್ಲ, ಅದು ಬ್ಯಾರೆ ಮಾತು. ಬ್ಯಾರೆ ಮಾತಲ್ಲ, ಗೊತ್ತೈತಿ ನನಗ. ಒಮ್ಮೆ ಬರದದ್ದರ ಮ್ಯಾಲ ಗೀಟು ಎಳದು ಕಾಟು ಹಾಕಂಗಿಲ್ಲ, ಓದು.

ಶುಕ್ರವಾರದಿಂದ ಸಂಜಿಮುಂದಿನ ಅಸರ ನಮಾಜಿಗೆ ಹೋಗೂ ಮೊದಲ ಎಷ್ಟು ರೊಟ್ಟಿ ಬೇಕಂತ ನುಜಹತಗ ಹೇಳಿ ಹೋಗಾಕತ್ತೇನಿ. ನಿನ್ನ ಮಗ ಇಜಾಜಗ ನಗಿ. ನಗಲಿ, ನಿನ್ನೆ ಉಳದ ಎರಡು ರೊಟ್ಟಿ ಮುರದು ಒಗ್ಗರಣಿ ಹಾಕಿಸಿ ಇವತ್ತು ಮುಂಜಾನೆ ಅವನ ಮುಂದ ಇಟ್ಟೆ, ನಾನೂ ತಿಂದೆ. ಬಿರಸ ಅಂದ್ರ ಬಿರಸ. ದವಡಿ ಹಲ್ಲಿಲ್ಲದ ನೀ ಹೆಂಗ ತಿಂದಿ?

ಗುಲ್ನಾಜಗ, ಅಳಿಯಗ ಸಲಾಮ ಹೇಳು. ಅಲ್ಲಾ ನಿನಗ ಲಗೂನ ಆರಾಮ ಮಾಡ್ಲಿ.

ಇಂತಿ,
ಬಾಬಾಜಾನ

ತಾ.ಕ.: ಈ ಚೀಟಿ ತರಾಕ ಇಜಾಜ ಗಾಡಿ ಚಾಲೂ ಮಾಡಿ ನಿಂತಾನ. ಹೋದ ಸಲ ಡಾಕ್ಟರು "ಹಳಸಿದ್ದು ತಿಂತೀರೇನು" ಅಂತ ನಿನ್ನ ಕೇಳಿದ್ರು, ನೀ ಬಾಯಿ ತಗಿಯೂದ್ರಾಗ ನಾನ "ನಮ್ಮನ್ಯಾಗ ಅಂಥಾದ್ದ ಇಲ್ರಿ" ಅಂದೆ. ಅವರು ಅದನ್ನ ಬರಕೊಂಡ್ರು. ಗುರುವಾರ ಬಂದು ಮತ್ತ ಡಾಕ್ಟರ ಹಂತ್ಯಾಕ ಕರಕೊಂಡು ಹೋಗತೇನಿ. ಖರೆ ಏನೈತಿ ಅದನ್ನ ನೀನ ಹೇಳು. ನಾ ಹೊರಗ ಬೆಂಚಿನ ಮ್ಯಾಲ ಕುಂತಿರತೇನಿ.