ಆಚೆ ದಡದ ಹಿಟ್ಟಿನ ಬೆಲೆ

ಮಾರ್ಚ್ 3, ಸೋಮವಾರ

ಮೊದಲ ಬಸ್ಸಿನಿಂದಲೇ ಅಂಗಡಿ ತುಂಬ ಆಚೆ ದಡದವರು. ಹಿಟ್ಟು, ಎಣ್ಣೆ, ಬೇಳೆ, ಮಕ್ಕಳ ಹಾಲಿನಪುಡಿ. ಕೂರಲು ಪುರಸೊತ್ತಿಲ್ಲ. ಸೇತುವೆ ದಾಟಿದರೆ ಬೇರೆ ಪ್ರಾಂತ್ಯ, ಅಲ್ಲಿ ತಿನ್ನುವ ಪದಾರ್ಥಕ್ಕೂ ನೂರಕ್ಕೆ ಹನ್ನೆರಡು ತೆರಿಗೆ. ಇಲ್ಲಿ ಸೊನ್ನೆ. ಹೀಗಾಗಿ ನಮ್ಮ ಬೀದಿಯಲ್ಲಿ ದಿನಾ ಸಂತೆ.

ಇವರು ಪಕ್ಕದ ಟೈಲರ್ ಜೊತೆ ಮಾತಾಡಿ ಬಂದರು. ಅವನು ಮಳಿಗೆ ಬಿಡುತ್ತಾನಂತೆ. ನಡುವಿನ ಗೋಡೆ ಒಡೆದರೆ ನಮ್ಮದು ಎರಡರಷ್ಟು ಅಂಗಡಿ. ಮದುವೆಯಾದ ಹೊಸದರಲ್ಲಿ ಒಂದು ತಕ್ಕಡಿ, ನಾಲ್ಕು ಡಬ್ಬ ಇಟ್ಟುಕೊಂಡು ಶುರು ಮಾಡಿದ್ದು. ಹೆಮ್ಮೆ ಪಡಬಾರದು ಅನ್ನುತ್ತಾರೆ... ಪಟ್ಟೆ.

ಮಾರ್ಚ್ 9, ಭಾನುವಾರ

ಮಗಳು ಬಂದಿದ್ದಳು. ಅವಳನ್ನು ಕೊಟ್ಟಿರುವುದು ಆಚೆ ದಡಕ್ಕೇ. ಅಲ್ಲಿಯ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್. ಬಂದವಳು ಊಟಕ್ಕೂ ಕೂರದೆ ಶೆಲ್ಫಿನ ಮುಂದೆ ನಿಂತು ಒಂದೊಂದರ ಬೆಲೆ ಬರೆದುಕೊಳ್ಳತೊಡಗಿದಳು.

"ಏನೇ ಇದು, ಮಗಳಾಗಿ ಬಂದ್ಯೋ, ಇನ್ಸ್‌ಪೆಕ್ಟರಾಗಿ ಬಂದ್ಯೋ?"

"ಎರಡೂ," ಅಂದಳು. ನಗಲಿಲ್ಲ.

ಅವಳ ವಾರ್ಡಿಗೆ ಬರುವ ತಾಯಂದಿರು ಹಾಲಿನಪುಡಿಗೆ ನೀರು ಹೆಚ್ಚು ಹಾಕುತ್ತಾರಂತೆ. ಡಬ್ಬ ತಿಂಗಳಿಡೀ ಬರಬೇಕಲ್ಲ. ಮಕ್ಕಳ ತೂಕ ಏರುತ್ತಿಲ್ಲ.

"ಬಸ್ಸು ಹತ್ತಿ ಇಲ್ಲಿಗೆ ಬರಬಹುದಲ್ಲ?"

"ಮೂಟೆಗಟ್ಟಲೆ ಒಯ್ಯೋರು ಬರ್ತಾರಮ್ಮ. ಒಂದು ಡಬ್ಬ ತಗೊಳ್ಳೋಳು ಬಂದ್ರೆ, ಉಳಿದಿದ್ದೆಲ್ಲ ಬಸ್ ಚಾರ್ಜಿಗೇ ಹೋಯ್ತು. ಆ ತೆರಿಗೆ ಕಟ್ತಿರೋರು ಯಾರು ಗೊತ್ತಾ? ಇಲ್ಲಿಗೆ ಬರಕ್ಕಾಗದೋರು."

ಇಷ್ಟು ವರ್ಷ ಕೌಂಟರಿನಲ್ಲಿ ನಿಂತಿದ್ದೇನೆ. ಬಾರದ ಗಿರಾಕಿಯ ಯೋಚನೆ ಒಮ್ಮೆಯೂ ಬಂದಿರಲಿಲ್ಲ.

ಮುಂದಿನ ತಿಂಗಳು ಅಲ್ಲಿಯ ತೆರಿಗೆ ಸಮಿತಿ ಜನರ ಅಹವಾಲು ಕೇಳುತ್ತದಂತೆ. ಮಾತಾಡಲು ಹೆಸರು ಕೊಟ್ಟಿದ್ದಾಳೆ. ಬೆಲೆ ಏರಿದ್ದು ತೆರಿಗೆಯಿಂದಲ್ಲ, ಅಂಗಡಿಯವರ ದುರಾಸೆಯಿಂದ ಅನ್ನುವುದು ಸಮಿತಿಯ ವಾದ. ಅಲ್ಲಿಯ ಅಂಗಡಿಯೊಂದರ ಖರೀದಿ ಬಿಲ್ಲು ಅವಳಿಗೆ ಸಿಕ್ಕಿದೆ. ಈ ಕಡೆಯದೂ ಒಂದು ಬೇಕು. ಎರಡೂ ದಡಕ್ಕೆ ಮಾಲು ಹಾಕುವವನು ಒಬ್ಬನೇ. ಅವನು ಹಾಕುವ ದರವೂ ಒಂದೇ. ಎರಡು ಬಿಲ್ಲು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕಾಣುತ್ತದೆ. ನಮ್ಮ ಬೀದಿಯವರನ್ನೆಲ್ಲ ಕೇಳಿದಳಂತೆ. ಯಾರೂ ಕೊಡಲಿಲ್ಲ. ಯಾಕೆ ಕೊಟ್ಟಾರು.

ಇವರು ಅಂದರು: "ಕೂತ ಕೊಂಬೆ ಕಡಿಯಕ್ಕೆ ಅಪ್ಪನ ಹತ್ರಾನೇ ಕೊಡಲಿ ಕೇಳ್ತೀಯಲ್ಲೇ."

ಊಟ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದಳು.

ಮಾರ್ಚ್ 10

ಕೊಟ್ಟೆ. ಬಿಲ್ಲಿನ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಇವರಿಗೆ ಹೇಳಿಯೇ ಕಳಿಸಿದ್ದು. ಕದ್ದುಮುಚ್ಚಿ ಮಾಡುವ ಕೆಲಸವಲ್ಲ. "ಅಂಗಡಿ ನಂದೂ ಹೌದು," ಅಂದೆ. ಇವರು ತಕ್ಕಡಿ ಒರೆಸುತ್ತಾ ಕೂತರು. ಒರೆಸಿದ್ದನ್ನೇ ಒರೆಸಿದರು.

ಮಗಳು ಫೋನ್ ಮಾಡಿ, "ಅಂಗಡಿ ಹೆಸರು ಮುಚ್ಚಿ ತೋರಿಸ್ತೀನಮ್ಮ. ಯಾರಿಗೂ ಹೇಳಲ್ಲ, ಮಾತು ಕೊಡ್ತೀನಿ," ಅಂದಳು.

ಏಪ್ರಿಲ್ 8, ಮಂಗಳವಾರ, ಸಂಜೆ

ಬಸ್ಸಿಳಿದು ಬಂದವಳೇ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಪಟ್ಟ.

ಸಮಿತಿಯ ಸಭೆಗೆ ಒಬ್ಬಳೇ ಹೋಗಿದ್ದೆ. ಮಗಳಿಗೂ ಹೇಳಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಮಾತು ಕೇಳಿ, ಬಸ್ಸು ಹತ್ತುವುದು ಅಂದುಕೊಂಡಿದ್ದೆ. ದೊಡ್ಡ ಸಭಾಂಗಣ, ಮೈಕು, ಮೇಜಿನಾಚೆ ಸಮಿತಿಯವರು. ಮಗಳು ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಬಂದಿದ್ದಳು. ಮೊದಲು ಮೆಲ್ಲಗೆ ಶುರು ಮಾಡಿದಳು. "ಸ್ವಲ್ಪ ಜೋರಾಗಿ," ಅಂದರು ಯಾರೋ. ತೂಕ ಏರದ ಮಕ್ಕಳ ಮಾತಿಗೆ ಬಂದಳು ನೋಡು... ಆಮೇಲೆ ಮೈಕೇ ಬೇಡವಾಯಿತು.

ಅಧ್ಯಕ್ಷರು ವಯಸ್ಸಾದವರು, ಮೆದು ಮಾತಿನವರು. "ಈ ಎರಡನೇ ಬಿಲ್ಲು ಯಾವ ಅಂಗಡೀದಮ್ಮ?"

"ಹೇಳಕ್ಕಾಗಲ್ಲ ಸರ್. ಮಾತು ಕೊಟ್ಟಿದ್ದೀನಿ."

"ಹೆಸರಿಲ್ಲದ ಬಿಲ್ಲನ್ನ ಹೇಗೆ ನಂಬೋದು? ಪಕ್ಕಕ್ಕಿಡಬೇಕಾಗುತ್ತೆ."

ಅವಳು ಹೇಳಬಹುದಿತ್ತು, ಹೇಳಲಿಲ್ಲ.

ಎದ್ದೆ. "ಅದು ನಮ್ಮಂಗಡೀದು ಸ್ವಾಮಿ."

ಎಲ್ಲರೂ ತಿರುಗಿದರು. ಮಗಳೂ.

"ತೆರಿಗೆ ತೆಗೆದ್ರೆ ನಿಮ್ಮ ವ್ಯಾಪಾರಕ್ಕೇ ಹೊಡೆತ ಅಲ್ವೇನಮ್ಮ?" ಅಂದರು ಅಧ್ಯಕ್ಷರು.

"ಹೌದು. ಅರ್ಧಕ್ಕರ್ಧ ಹೋಗುತ್ತೆ."

"ಮತ್ತೆ?"

"ಅವಳು ನನ್ನ ಮಗಳು. ಅವಳು ಹೇಳಿದ್ದು ನಿಜ," ಅಂದೆ. ಕೂತುಬಿಟ್ಟೆ.

ಅವರು ಬಿಲ್ಲನ್ನು ಪಕ್ಕಕ್ಕಿಡದೆ ಕಡತದೊಳಗೆ ಇಟ್ಟುಕೊಂಡರು.

ಹೊರಗೆ ಬಂದ ಮೇಲೆ, "ಅಪ್ಪ ಬಯ್ಯಲ್ವಾ?" ಅಂದಳು.

"ಬಯ್ಯಲಿ. ಅವರು ಬಯ್ಯೋದನ್ನ ನಾನೇನು ಹೊಸದಾಗಿ ಕೇಳ್ಬೇಕಾ?"

ಅವಳ ಕಾಲರ್ ಒಂದು ಕಡೆ ಮಡಚಿಕೊಂಡಿತ್ತು. ಸರಿಮಾಡಿದೆ. ಬಸ್ಸಿನಲ್ಲಿ ಪಕ್ಕದವಳಿಗೆ ಹೇಳಿದೆ, "ನನ್ನ ಮಗಳು ನರ್ಸು." ಅವಳು ಏನನ್ನೂ ಕೇಳಿರಲಿಲ್ಲ.

ಏಪ್ರಿಲ್ 11

ಇವರು ಬಯ್ಯಲಿಲ್ಲ. ಮಾತೇ ಇಲ್ಲ. ಅದು ಬೈಗುಳಕ್ಕಿಂತ ಕಷ್ಟ. ಎದುರಿನ ಎಣ್ಣೆ ಅಂಗಡಿಯವನು ನನಗೆ ಕೇಳಲಿ ಅಂತಲೇ "ಮನೆಹಾಳಿ" ಅಂದ. ತಲೆ ಎತ್ತಿಕೊಂಡೇ ಅವನ ಮುಂದೆ ಹಾದು ಬಂದೆ. ಒಳಗೆ ಬಂದ ಮೇಲೆ ಅತ್ತುಬಿಟ್ಟೆ, ಸ್ವಲ್ಪ.

ಜೂನ್ 30

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಬರೆಯಲೇಬೇಕು. ನಾಳೆಯಿಂದ ಆಚೆ ದಡದಲ್ಲಿ ಹಿಟ್ಟು, ಬೇಳೆ, ಎಣ್ಣೆ, ಹಾಲಿನಪುಡಿಗೆ ತೆರಿಗೆ ಇಲ್ಲ. ಸಕ್ಕರೆ, ಬಿಸ್ಕತ್ತಿಗೆ ಇದೆಯಂತೆ, ಇರಲಿ. ಮಗಳು ವಾರ್ಡಿನಿಂದಲೇ ಫೋನ್ ಮಾಡಿದಳು. "ಅಮ್ಮಾ" ಅಂದಳು. ಹಿಂದೆ ಯಾವುದೋ ಕೂಸು ರಂಪ ಮಾಡುತ್ತಿತ್ತು.

ಇವರು ಸುದ್ದಿ ಕೇಳಿ ಎದ್ದರು, ಚಪ್ಪಲಿ ಮೆಟ್ಟಿಕೊಂಡು ಟೈಲರ್ ಹತ್ತಿರ ಹೋದರು. ಮಳಿಗೆ ಬೇಡ ಅಂತ ಹೇಳಿ ಬಂದರು. ಒಂದು ಲೋಟ ನೀರು ಕುಡಿದು, "ಇಷ್ಟು ಅಂಗಡಿ ಸಾಕು ಬಿಡು ನಮಗೆ," ಅಂದರು.

ಜುಲೈ 19, ಮಧ್ಯಾಹ್ನ

ಬಸ್ಸುಗಳು ಖಾಲಿ ಬರುತ್ತಿವೆ. ವ್ಯಾಪಾರ ಸೊರಗಿದೆ, ಸುಳ್ಳೇಕೆ ಬರೆಯಲಿ. ಹೊಟ್ಟೆಗೆ ಕೊರತೆಯಿಲ್ಲ. ಕೂರಲು ಬೇಕಾದಷ್ಟು ಪುರಸೊತ್ತು.

ಮಕ್ಕಳ ತೂಕದ ವಿಷಯ ಕೇಳಿದೆ. "ಇಷ್ಟು ಬೇಗ ಗೊತ್ತಾಗಲ್ಲಮ್ಮ," ಅಂದಳು ಮಗಳು. ಆಸ್ಪತ್ರೆ ಮುಂದಿನ ಅಂಗಡಿಯಲ್ಲಿ ಹಾಲಿನಪುಡಿ ಮಾತ್ರ ನಿಲ್ಲುತ್ತಿಲ್ಲವಂತೆ, ತರಿಸಿದಷ್ಟೂ ಖಾಲಿ.

ಮುಂದುಗಡೆ ಇವರ ದನಿ. ಯಾರೋ ಗಿರಾಕಿ.

"ಹಿಟ್ಟಿನ ಬೆಲೆ ಈಗ ಎರಡೂ ಕಡೆ ಒಂದೇ. ಯಾಕೆ ಗೊತ್ತಾ? ಕೂತ್ಕೊಳ್ಳಿ, ಹೇಳ್ತೀನಿ. ನನ್ನ ಮಗಳು ನರ್ಸು..."

ಇವತ್ತು ಇದು ಮೂರನೇ ಸಲ. ಆತ ಬಂದಿದ್ದು ಬೆಂಕಿಪೊಟ್ಟಣಕ್ಕೆ, ಬಸ್ಸು ಬೇರೆ ಹೊರಡುವ ಹೊತ್ತು. ಹೋಗಿ ಬಿಡಿಸಬೇಕು, ಪಾಪ. ಆದರೆ ಇವರು ಆ ಸಭೆಯ ಕತೆ ಹೇಳುವುದು ತಪ್ಪುತಪ್ಪು. ಬಿಲ್ಲು ನಮ್ಮದು ಅಂತ ನಾನು ಎದ್ದು ನಿಂತದ್ದನ್ನಂತೂ ಬಿಟ್ಟೇಬಿಡುತ್ತಾರೆ. ತಡಿ, ನಾನೇ ಹೋಗಿ ಹೇಳಬೇಕು—